ನಾಲಗೆಗೆ ತಾಗಿಸಿದ ನೂಲು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಬಸ್ಸು ನಿಂತು ನಲವತ್ತು ನಿಮಿಷವಾಯಿತಲ್ಲ ಎಂದು ಗೊಣಗುತ್ತ ಆಗಷ್ಟೇ ಮೊಬೈಲಿನಲ್ಲಿ ಹೊತ್ತು ನೋಡಿದ್ದೆ. ತಲೆ ಎತ್ತುವಷ್ಟರಲ್ಲಿ ನಮ್ಮ ಅತ್ತೆ ನಿಂತಿದ್ದ ಜಾಗದಲ್ಲಿ ಅತ್ತೆ ಇರಲಿಲ್ಲ. ಜಾಗವೂ ಇರಲಿಲ್ಲ.

ಅದಾಗಿ ಹತ್ತು ನಿಮಿಷದೊಳಗೆ ನಮ್ಮ ಸೋದರಮಾವ, ತಮ್ಮ ಅರವತ್ತೆಂಟು ವರ್ಷದ ಬದುಕಿನಲ್ಲಿ ಮೊತ್ತಮೊದಲ ಸಲ, ಬಟ್ಟೆಯ ವಿಷಯದಲ್ಲಿ ಇನ್ನೊಬ್ಬರ ಬಾಯಿಮಾತನ್ನು ನಂಬಿದರು. ಆ ಇನ್ನೊಬ್ಬಳು ನಾನು.

ನಂಬುವುದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನೀವು ನಮ್ಮ ಮಾವನನ್ನು ಕಂಡಿಲ್ಲ, ಅದಕ್ಕೇ ಕೇಳುತ್ತೀರಿ. ಕೊಪ್ಪದ ಅರ್ಧ ಜನರ ಬಟ್ಟೆಯ ರುಚಿ ನೋಡಿದ ಮನುಷ್ಯ ಅವರು! ಉತ್ಪ್ರೇಕ್ಷೆಯಲ್ಲ. ಯಾರಾದರೂ ಹೊಸ ಬಟ್ಟೆ ಉಟ್ಟು ಎದುರಿಗೆ ಬಂದರೆ ಸಾಕು, ಮಾವನ ಕೈ ತಾನಾಗಿ ಅದರ ಅಂಚಿಗೆ ಹೋಗುತ್ತದೆ. ಒಂದು ಎಳೆ ನೂಲು ಕಿತ್ತು, ಅದರ ಮಧ್ಯಭಾಗವನ್ನು ನಾಲಗೆಯ ತುದಿಗೆ ತಾಗಿಸಿ ಒದ್ದೆ ಮಾಡಿ, ಎರಡೂ ತುದಿ ಹಿಡಿದು ಎಳೆಯುತ್ತಾರೆ. ಹತ್ತಿಯ ನೂಲಾದರೆ ಒದ್ದೆ ಭಾಗ ಬಿಟ್ಟು ಒಣಗಿದ ಕಡೆ ಕಡಿಯುತ್ತದೆ, ಏಕೆಂದರೆ ಹತ್ತಿ ನೆನೆದರೆ ಇನ್ನೂ ಗಟ್ಟಿ. ರೇಯಾನ್ ಆದರೆ ಸರಿಯಾಗಿ ನಾಲಗೆ ತಾಗಿದಲ್ಲೇ ಕಡಿಯುತ್ತದೆ. "ಮರದ ತಿರುಳು ಕರಗಿಸಿ ಎಳೆದ ನೂಲು ಮಾರಾಯ್ತಿ ಅದು. ಒಣಗಿದ್ದಾಗ ರಾಜಕುಮಾರ, ನೆನೆದರೆ ಅರ್ಧ ಜೀವ ಹೋಯ್ತು" ಎನ್ನುತ್ತಿದ್ದರು. ಈ ಮಾತನ್ನು ನಾನು ಚಿಕ್ಕಂದಿನಿಂದ ನೂರು ಸಲವಾದರೂ ಕೇಳಿದ್ದೇನೆ. ನೂರು ಸಲ ನಕ್ಕಿದ್ದೇನೆ.

ಒಂದು ಮದುವೆಯಲ್ಲಿ ಬೀಗರಿಗೆ ಶಾಲು ಹೊದೆಸುವ ಹೊತ್ತಿಗೆ ಮಾವ ಪಕ್ಕದಲ್ಲೇ ನಿಂತಿದ್ದರು. ಗಂಡಿನ ತಂದೆಯ ಹೆಗಲ ಮೇಲೆ ಶಾಲು ಬಿದ್ದದ್ದೇ ತಡ, ಅಂಚಿನಿಂದ ಒಂದು ಎಳೆ ಮಾವನ ಕೈಗೆ ಬಂತು, ನಾಲಗೆಗೆ ಹೋಯಿತು. ಎಲ್ಲರೂ ಅಕ್ಷತೆ ಹಿಡಿದು ಉಸಿರು ಕಟ್ಟಿ ನೋಡುತ್ತಿದ್ದಾರೆ! ಟಕ್.

"ರೇಯಾನ್" ಎಂದರು ಮಾವ, ಬಹಳ ವಿಷಾದದಿಂದ. "ಇದನ್ನ ಮಳೆಯಲ್ಲಿ ಹೊದೀಬೇಡಿ."

ಗಂಡಿನ ಕಡೆಯವರು ಊಟಕ್ಕೆ ಕೂರಲು ಮುಕ್ಕಾಲು ಗಂಟೆ ಬೇಕಾಯಿತು.

ಮಾವ ನನ್ನ ತಾಯಿಯ ತಮ್ಮ. ಒಂದು ಬಟ್ಟೆ ಗಿರಣಿಯ ಪರೀಕ್ಷಾ ಕೋಣೆಯಲ್ಲಿ ಮೂವತ್ತು ವರ್ಷ ಇದ್ದರು. ನೇಯ್ದ ಬಟ್ಟೆಯನ್ನು ಯಂತ್ರಕ್ಕೆ ಸಿಕ್ಕಿಸಿ, ಎಷ್ಟು ಎಳೆದರೆ ಹರಿಯುತ್ತದೆಂದು ಬರೆದುಕೊಳ್ಳುವುದು ಅವರ ಉದ್ಯೋಗ. "ದಿನವಿಡೀ ಬಟ್ಟೆ ಹರಿದು ಸಂಬಳ ತರುವ ಗಂಡ ನನಗೊಬ್ಬಳಿಗೇ ಸಿಕ್ಕಿದ್ದು" ಎಂದು ಅತ್ತೆ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಕೊಪ್ಪದಲ್ಲಿ ಒಂದು ದರ್ಜಿ ಅಂಗಡಿಯ ಮಹಡಿಯಲ್ಲಿ ಬಾಡಿಗೆಗೆ ಬಂದು ಕೂತರು. ಕೆಳಗೆ ಒಬ್ಬ ಹೊಲಿಯುತ್ತಾನೆ, ಮೇಲೆ ಒಬ್ಬ ಹರಿಯುತ್ತಾನೆ. ಇಂಥ ಅನುಕೂಲ ಇನ್ನೆಲ್ಲಿ ಸಿಕ್ಕೀತು?

ನಿವೃತ್ತರು ಸುಮ್ಮನಿರುತ್ತಾರೆಯೇ? ನೇಯ್ದ ಬಟ್ಟೆಯನ್ನು ಎಳೆದಾಗ, ತಿರುಚಿದಾಗ, ಅದಕ್ಕೆ ಭಾರ ಕಟ್ಟಿದಾಗ ಅದು ಹೇಗೆ ನಡೆದುಕೊಳ್ಳುತ್ತದೆಂದು ಹರಿಯುವ ಮೊದಲೇ ಹೇಳಬಲ್ಲ ಒಂದು ಮಾದರಿ ಕಟ್ಟುತ್ತೇನೆಂದು ಹೊರಟರು. ಮಾದರಿ ಎರಡು. ಒಂದು ಹಳೇ ಲ್ಯಾಪ್‌ಟಾಪಿನೊಳಗೆ. ಇನ್ನೊಂದು ಐಸ್ ಕ್ಯಾಂಡಿ ಕಡ್ಡಿಗಳದ್ದು. ಶಾಲೆಯ ಹತ್ತಿರ ಐಸ್ ಕ್ಯಾಂಡಿ ಗಾಡಿಯ ಪಕ್ಕ ನಿಂತು, ಮಕ್ಕಳು ತಿಂದು ಬಿಸಾಡುವುದನ್ನೇ ಕಾದು, ಕಡ್ಡಿ ಆರಿಸಿಕೊಂಡು ತಂದು ತೊಳೆದು, ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಕೂಡುವಲ್ಲೆಲ್ಲ ಸಣ್ಣ ಮೊಳೆ ಹೊಡೆದು ಒಂದು ಚೌಕದ ಜಾಲರಿ ಮಾಡಿದ್ದರು. ಉದ್ದಕ್ಕೆ ಎಳೆದರೆ ಜಾಲರಿ ಜಗ್ಗುವುದಿಲ್ಲ. ಎದುರುಬದುರು ಮೂಲೆ ಹಿಡಿದು ಎಳೆದರೆ ಚೌಕಗಳೆಲ್ಲ ಓರೆಯಾಗಿ ಅರ್ಧದಷ್ಟು ಉದ್ದ ಹೆಚ್ಚುತ್ತದೆ!

"ನೋಡು ಕೂಸೇ, ಬಟ್ಟೆಯೂ ಹಿಂಗೇ. ನೂಲಿನ ಜಾಡು ಹಿಡಿದು ಎಳೆದರೆ ಬಂಡೆ. ಮೂಲೆ ಹಿಡಿದು ಎಳೆದರೆ ರಬ್ಬರು. ಭಾರ ಎತ್ತುವವರು ಮೂಲೆಗೆ ಗಂಟು ಹಾಕಬಾರದು. ಇಡೀ ಅಗಲ ಒಟ್ಟು ಮಾಡಿ ಗಂಟು ಹಾಕಬೇಕು. ಆಗ ಎಲ್ಲಾ ನೂಲೂ ಹೆಗಲು ಕೊಡ್ತವೆ."

ಲ್ಯಾಪ್‌ಟಾಪಿನ ಮಾದರಿಯ ಗತಿ ಕೇಳಬೇಡಿ. ಒಂದು ಸಲ ಕೇಳಿದ್ದೆ.

"ಎಷ್ಟಾಯ್ತು ಮಾವ?"

"ಒಂದು ಇಂಚು ಆಗ್ತಾ ಬಂತು."

"ನಾಲ್ಕು ವರ್ಷದಲ್ಲಿ ಒಂದು ಇಂಚು ಬಟ್ಟೆಯಾ? ಹಾಗಾದರೆ ಒಂದು ಟವೆಲ್ ಆಗಲು?"

ಮಾವ ಪೆನ್ಸಿಲ್ ತೆಗೆದುಕೊಂಡು ನಿಜವಾಗಿಯೂ ಲೆಕ್ಕ ಹಾಕತೊಡಗಿದರು. ಅತ್ತೆ ಅಡಿಗೆಮನೆಯಿಂದ, "ಅಷ್ಟರವರೆಗೆ ಮೈ ಒದ್ದೆಯಲ್ಲೇ ಇರ್ಲಿ ಬಿಡೇ" ಎಂದರು.

ಅತ್ತೆ ಅವರಿಗೆ ತಕ್ಕ ಜೋಡಿ. ಉದ್ದದ ನೂಲು ಹಾಸು, ಅಡ್ಡದ ನೂಲು ಹೊಕ್ಕು. ಬಟ್ಟೆಯೊಳಗೆ ಎರಡೂ ಒಂದರ ಮೇಲೊಂದು ಏರಿ ಇಳಿದು ಅಲೆಯಂತೆ ಇರುತ್ತವೆ. ಹಾಸನ್ನು ಎಳೆದರೆ ಅದರ ಅಲೆ ನೇರವಾಗುತ್ತದೆ, ಆದರೆ ಅದೇ ಹೊತ್ತಿಗೆ ಹೊಕ್ಕಿನ ಅಲೆ ಹೆಚ್ಚುತ್ತದೆ. "ಒಬ್ಬರು ನೆಟ್ಟಗಾದರೆ ಇನ್ನೊಬ್ಬರು ಬಾಗಲೇಬೇಕು. ಎರಡೂ ನೆಟ್ಟಗಿರ್ತೀವಿ ಅಂದ್ರೆ ಬಟ್ಟೆಯೇ ಇಲ್ಲ" ಎಂದು ಮಾವ ಒಮ್ಮೆ ನೆಂಟರೆದುರು ಭಾಷಣ ಮಾಡಿದರು. ಅತ್ತೆ ಕಾಫಿ ಲೋಟ ಕುಕ್ಕಿ, "ಮೂವತ್ತೆಂಟು ವರ್ಷದಿಂದ ಬಾಗಿದ್ದು ಯಾರು ಅಂತಲೂ ಹೇಳಿ ಮತ್ತೆ" ಎಂದರು. ಮಾವ ಅತ್ತೆಯ ಸೆರಗಿನಿಂದ ಒಂದು ನೂಲು ಕಿತ್ತರು.

ಇವೆಲ್ಲ ನಗುವ ಕಾಲದ ಮಾತು.

ಅವತ್ತು ನಾವು ಮೂವರೂ ಶೃಂಗೇರಿಗೆ ಹೋಗಿದ್ದೆವು. ನಾನು ಎನ್.ಆರ್.ಪುರದಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವಳು. ರಜೆ ಸಿಕ್ಕಿತೆಂದು ಹಿಂದಿನ ದಿನ ಕೊಪ್ಪಕ್ಕೆ ಬಂದಿದ್ದೆ. ಮೊದಲ ಬಸ್ಸಿಗೆ ಹೊರಟು, ದೇವರ ದರ್ಶನ ಮುಗಿಸಿ, ಅತ್ತೆ ಹೂವಿನವಳ ಹತ್ತಿರ ಮಾತಾಡುತ್ತಿದ್ದ ಹೊತ್ತಿಗೆ ನಾನು ಪಕ್ಕದ ಸೀರೆ ಅಂಗಡಿಗೆ ನುಗ್ಗಿದೆ. ಬರುವ ತಿಂಗಳು ಅತ್ತೆಗೆ ಅರವತ್ತು ತುಂಬುತ್ತಿತ್ತು. ಅವರಿಗೆ ಗೊತ್ತಾಗದ ಹಾಗೆ ಒಂದು ಸೀರೆ ತೆಗೆಯಬೇಕು. ಕಡುಹಸಿರು ಮೈ, ಸಣ್ಣ ಕೆಂಪು ಅಂಚು. "ಪ್ಯೂರ್ ಕಾಟನ್ ಮೇಡಂ, ಕಣ್ಣು ಮುಚ್ಚಿ ತಗೊಳ್ಳಿ" ಎಂದ ಅಂಗಡಿಯವನು. ನಾನು ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಮಾವನ ಕೈ ಸೀರೆಯ ಅಂಚಿನ ಮೇಲಿತ್ತು!

"ಮಾವ! ಹೊಸ ಬಟ್ಟೆ. ಉಡುವ ಮೊದಲೇ ನೂಲು ಕೀಳಬೇಡಿ."

"ಒಂದೇ ಎಳೆ ಕೂಸೇ."

"ಅರ್ಧ ಎಳೆಯೂ ಇಲ್ಲ. ಹೊರಗೆ ಹೋಗಿ ಕಾಫಿ ಕುಡೀರಿ."

"ಹೊಳಪು ಒಂಚೂರು ಜಾಸ್ತಿ ಆಯ್ತು ಅನ್ನಿಸ್ತದೆ..."

"ನಿಮ್ಮ ಕನ್ನಡಕ ಒರಸಿಕೊಳ್ಳಿ ಮಾವ. ಸಾಕು, ಮರ್ಯಾದೆ ತೆಗೀಬೇಡಿ."

ಅಂಗಡಿಯವನು ನಕ್ಕ. ನಾನೂ ನಕ್ಕೆ. ಮಾವ ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ಹೋದರು. ಆ ಬೆನ್ನು ಈಗಲೂ ನನ್ನ ಕಣ್ಣ ಮುಂದೆ ಹೋಗುತ್ತಲೇ ಇರುತ್ತದೆ.

ಕೊಪ್ಪಕ್ಕೆ ಮರಳುವ ದಾರಿಯಲ್ಲಿ ಹತ್ತೂವರೆಗೆ ಬಸ್ಸು ನಿಂತಿತು. ಮಣ್ಣಿನ ಸಮೇತ ಒಂದು ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಸಿಗ್ನಲ್ ಇರುವಲ್ಲಿಗೆ ಹೋಗಿ ಹೇಳಿ ಬರುತ್ತೇನೆಂದು ಡ್ರೈವರ್ ಮರ ಹತ್ತಿ ಇಳಿದು ಆಚೆ ನಡೆದ. ಮಳೆ ನಿಂತು ಸ್ವಲ್ಪ ಹೊಳವಾಗಿತ್ತು. ಗಂಡಸರು ರಸ್ತೆಯಲ್ಲಿ ನಿಂತು ಎಲೆ ಅಡಿಕೆ ಹಾಕಿದರು, ಹೆಂಗಸರು ಒಬ್ಬೊಬ್ಬರಾಗಿ ಪೊದೆಯ ಮರೆಗೆ ಹೋಗಿ ಬಂದರು. ಅತ್ತೆಗೆ ನಾಚಿಕೆ ಜಾಸ್ತಿ. ಎಲ್ಲರೂ ಹೋದ ಕಡೆ ಬೇಡವೆಂದು ಇನ್ನೂ ಇಪ್ಪತ್ತು ಹೆಜ್ಜೆ ಮುಂದೆ ಹೋದರು. ನಾನು ಕಾವಲು. ಕೆಲಸ ಮುಗಿಸಿ ರಸ್ತೆಯ ಅಂಚಿಗೆ ಬಂದು ನಿಂತು ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು. ನಾನು ಮೊಬೈಲಿನಲ್ಲಿ ಹೊತ್ತು ನೋಡಿದೆ.

ಸದ್ದೇ ಆಗಲಿಲ್ಲ. ನೆನೆದ ಬ್ರೆಡ್ಡಿನ ತುಂಡು ಮುರಿದ ಹಾಗೆ ರಸ್ತೆಯ ಅಂಚು ಮುರಿದು ಹೋಯಿತು. ಬಗ್ಗಿ ನೋಡಿದರೆ ಹತ್ತು ಅಡಿ ಕೆಳಗೆ, ಮಣ್ಣಿನಿಂದ ಹೊರಗೆ ಚಾಚಿದ ಒಂದು ಬೇರಿನ ಗೊಂಚಲಿನ ಮೇಲೆ ಅತ್ತೆ ಕೂತಿದ್ದರು. ಅವರ ಕೆಳಗೆ ಇನ್ನೂ ಇಪ್ಪತ್ತು ಅಡಿ ಆಳದಲ್ಲಿ ಹಳ್ಳ ಕೆಂಪಗೆ ಉಕ್ಕುತ್ತಿತ್ತು.

"ನಂಗೆ ಎಂತದೂ ಆಗಿಲ್ಲ! ಯಾರೂ ಇಳೀಬೇಡಿ!" ಎಂದು ಕೂಗಿದರು. "ಚಪ್ಪಲಿ ಒಂದು ಹೋಯ್ತು."

"ಚಪ್ಪಲಿ ಹಾಳಾಗ್ಲಿ, ಅಲ್ಲಾಡಬೇಡ!" ಮಾವ ಅಂಚಿನಿಂದ ಬಗ್ಗಿ ಕೂಗಿದರು.

"ಮೊನ್ನೆ ತಗೊಂಡಿದ್ದು ಅದು!"

ಅವರು ಒಂದೊಂದು ಮಾತು ಆಡಿದಾಗಲೂ ಬೇರಿನ ಬುಡದಿಂದ ಒಂದೊಂದು ಹೆಂಟೆ ಮಣ್ಣು ಕಳಚಿ ಹಳ್ಳಕ್ಕೆ ಬೀಳುತ್ತಿತ್ತು.

ಬಸ್ಸಿನಲ್ಲಿ ಹಗ್ಗವಿರಲಿಲ್ಲ. "ನಿನ್ನೆ ಇನ್ನೊಂದು ಬಸ್ ಎಳೆಯೋಕೆ ಒಯ್ದವರು ತಂದು ಕೊಡಲಿಲ್ಲ ಯಜಮಾನ್ರೇ" ಎಂದು ಕಂಡಕ್ಟರ್ ಅಳುವ ಹಾಗೆ ಹೇಳಿದ. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ನಾನು ಓಡಿ ಹೋಗಿ ಚೀಲದಿಂದ ಹಸಿರು ಸೀರೆ ತಂದೆ. ಐದೂವರೆ ಮೀಟರ್ ಉದ್ದ, ಒಂದೂ ಜೋಡಣೆಯಿಲ್ಲ. ಅದಕ್ಕಿಂತ ಒಳ್ಳೆಯದು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. ನನಗೆ ಹೆಮ್ಮೆಯೇ ಆಯಿತು ಎಂದರೆ ನಂಬುತ್ತೀರಾ?

ಮಾವ ಸೀರೆ ಇಸಿದುಕೊಂಡರು. ಅಂಚು ಹುಡುಕಿದರು. ಕನ್ನಡಕಕ್ಕೆ ಹಬೆ ಕಟ್ಟಿತ್ತು, ನೂಲು ಕೈಗೆ ಸಿಗಲಿಲ್ಲ. ಕೆಳಗೆ ಇನ್ನೊಂದು ಹೆಂಟೆ ಬಿತ್ತು. ಮಾವ ನನ್ನ ಮುಖ ನೋಡಿದರು.

"ಹತ್ತಿ ತಾನೇ?"

"ಹೌದು ಮಾವ. ಪ್ಯೂರ್ ಕಾಟನ್."

ಅವರು ನಾಲಗೆ ಹೊರಗೆ ತೆಗೆಯಲಿಲ್ಲ.

ನಮ್ಮ ಕಡೆ ಹೊರೆ ಕಟ್ಟುವ ಮೊದಲು ಬಟ್ಟೆಯನ್ನು ನೀರಿಗೆ ಅದ್ದುತ್ತಾರೆ, ಗಂಟು ಜಾರಬಾರದೆಂದು. ಹತ್ತಿಗೆ ಅದು ಸರಿಯಾದ ಕ್ರಮ. ಮಾವ ರಸ್ತೆ ಬದಿಯ ಚರಂಡಿಯ ನೀರಿನಲ್ಲಿ ಇಡೀ ಸೀರೆಯನ್ನು ಅದ್ದಿ ತೆಗೆದರು, ಒಂದು ತುದಿಗೆ ಕುಣಿಕೆ ಹಾಕಿ ಬಿಗಿದು ಇಳಿಬಿಟ್ಟರು. ಅತ್ತೆ ಅದನ್ನು ತಲೆಯ ಮೇಲಿಂದ ಕಂಕುಳ ಕೆಳಗೆ ಇಳಿಸಿಕೊಂಡರು. "ಯಾರ ಸೀರೆಯೇ ಇದು? ಹೊಸದಲ್ವಾ? ಅಯ್ಯೋ ಹಾಳು ಮಾಡಿದ್ರಲ್ಲ!" ಎಂದು ಕೂಗಿದರು. ಐದು ಜನ ಎಳೆದೆವು. ಅತ್ತೆ ಮೇಲೆ ಬಂದರು. ಬೈತಲೆ ಕಂಡಿತು, ಕುಂಕುಮ ಕಂಡಿತು. ನಾನು ಬಗ್ಗಿ ಕೈ ಚಾಚಿದೆ, ಅವರು ಚಾಚಿದರು. ನಮ್ಮ ಬೆರಳುಗಳ ನಡುವೆ ಒಂದು ಮೊಳವಿತ್ತು.

ದರ್ಜಿ ಕತ್ತರಿಯಲ್ಲಿ ಒಂದು ಕಚ್ಚು ಹಾಕಿ ಬಟ್ಟೆಯನ್ನು ಕೈಯಲ್ಲೇ ಸೀಳುತ್ತಾನಲ್ಲ, ಅದೇ ಸದ್ದು. ಪರ್. ದೊಡ್ಡದೇನಲ್ಲ. ರಸ್ತೆಯ ಕಲ್ಲಿನ ಅಂಚಿಗೆ ಉಜ್ಜುತ್ತಿದ್ದ ಕಡೆಯಿಂದ ಸೀಳು ಶುರುವಾಗಿ ಅಡ್ಡಕ್ಕೆ ಓಡಿತು. ನಾನು ಅತ್ತೆಯ ಮುಖ ನೋಡುತ್ತಿದ್ದೆ. ಅವರಿಗೆ ಹೆದರಿಕೆಯಾದಂತೆ ಕಾಣಲಿಲ್ಲ. ಏನೋ ಕೇಳಬೇಕೆಂದಿದ್ದವರ ಹಾಗೆ ಬಾಯಿ ತೆರೆದಿದ್ದರು.

ಆಮೇಲೆ ಹಳ್ಳದ ಸದ್ದು ಮಾತ್ರ.

ಬೇರಿನ ಗೊಂಚಲೂ ಅಲ್ಲಿರಲಿಲ್ಲ. ಅದರ ಕೆಳಗೆ, ನೀರಿಗೆ ಆರೇಳು ಅಡಿ ಮೇಲೆ, ಒಂದು ಬಂಡೆಗೂ ಮಣ್ಣಿಗೂ ನಡುವೆ ಅತ್ತೆಯ ಸೀರೆಯ ಬಣ್ಣ ಕಂಡಿತು. ಎಷ್ಟು ಕೂಗಿದರೂ ಉತ್ತರವಿಲ್ಲ. ಮಾವ ಕೆಳಗೆ ನೋಡಲಿಲ್ಲ. ಕೈಯಲ್ಲಿ ಉಳಿದಿದ್ದ ಹರಿದ ತುದಿಯನ್ನು ನೋಡುತ್ತ ನಿಂತರು. ಆಮೇಲೆ ಅದನ್ನು ಹಳ್ಳಕ್ಕೆ ಎಸೆದು, ಸರ್ರನೆ ತಿರುಗಿ ಪ್ರಯಾಣಿಕರ ಕಡೆ ಹೋದರು. ನಾಲಗೆ ಹೊರಗಿತ್ತು.

ಮುಂದಿನದನ್ನು ಯಾರಾದರೂ ದೂರದಿಂದ ನೋಡಿದ್ದರೆ ಹುಚ್ಚರ ಜಾತ್ರೆ ಎಂದುಕೊಳ್ಳುತ್ತಿದ್ದರು. ಶೃಂಗೇರಿಯ ಬಸ್ಸು, ಪಂಚೆಗೆ ಬರವೇ? ಮಾವ ಒಬ್ಬೊಬ್ಬರ ಮುಂದೆ ಬಗ್ಗಿ, ಪಂಚೆಯ ಅಂಚಿನಿಂದ ನೂಲು ಕಿತ್ತು, ನಾಲಗೆಗೆ ತಾಗಿಸಿ, ಎಳೆದು, ತೀರ್ಪು ಕೊಡುತ್ತ ಹೋದರು. "ಇದು ಆಗ್ತದೆ, ಬಿಚ್ಚಿ. ಇದು ಬೇಡ, ಪಾಲಿಯೆಸ್ಟರ್, ಗಂಟು ಜಾರ್ತದೆ. ಇದು ಆಗ್ತದೆ. ನಿಮ್ಮದು ಹತ್ತಿ, ಆದರೆ ಹಳತಾಯ್ತು. ಬಿಚ್ಚಿ, ಬಿಚ್ಚಿ!" ಮೇಗುಂದದ ಕಡೆಯ ಒಬ್ಬರು ಮುದುಕರು ಸೊಂಟ ಹಿಡಿದುಕೊಂಡು ಹಿಂದೆ ಸರಿದರು.

"ಪಂಚೆ ಕೊಟ್ರೆ ನಾನು ಎಂತ ಉಟ್ಕೊಳ್ಳೋದು ಮಾರಾಯ್ರೇ?"

"ಟವೆಲ್ ಉಟ್ಕೊಳ್ಳಿ."

"ಟವೆಲೂ ಈಗ ನೀವೇ ತಗೊಂಡ್ರಲ್ಲ!"

ಯಾರೂ ನಗಲಿಲ್ಲ. ಮುದುಕರು ಪಂಚೆ ಬಿಚ್ಚಿಕೊಟ್ಟು ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತರು. ಆರು ಪಂಚೆಗಳನ್ನು ಮಾವ ಒಂದಕ್ಕೊಂದು ಕಟ್ಟಿದರು, ಪ್ರತಿಯೊಂದರ ಇಡೀ ಅಗಲ ಒಟ್ಟು ಮಾಡಿ. ಕಂಡಕ್ಟರ್ ತಾನಾಗಿ ಬಸ್ಸಿನ ರಬ್ಬರ್ ಮ್ಯಾಟ್ ತಂದು ಕಲ್ಲಿನ ಅಂಚಿಗೆ ಹಾಸಿದ. ನನಗೆ ಕೈ ಮುಚ್ಚಲು ಆಗುತ್ತಿರಲಿಲ್ಲ, ಬೆರಳು ಮಡಿಸುವುದೇ ಮರೆತು ಹೋಗಿತ್ತು. ಮ್ಯಾಟ್ ಸರಿಯದಂತೆ ಅದರ ಮೇಲೆ ಕೂತುಕೊಳ್ಳಲು ನನಗೆ ಹೇಳಿದರು. ಅವತ್ತು ನನ್ನಿಂದಾದ ಉಪಕಾರ ಅಷ್ಟೇ, ನನ್ನ ತೂಕ.

ಮಾವ ತಮ್ಮಷ್ಟಕ್ಕೇ ಗಟ್ಟಿಯಾಗಿ ಲೆಕ್ಕ ಹಾಕತೊಡಗಿದರು. "ಜಗ್ಗಬಾರದು. ಜಗ್ಗಿದರೆ ಭಾರ ಎರಡರಷ್ಟು. ನಿಧಾನ ಎಳೀಬೇಕು. ಅವಳು ಅರವತ್ತೆರಡು ಕೆಜಿ..."

"ಐವತ್ತೆಂಟು!"

ಕೆಳಗಿನಿಂದ. ಸಣ್ಣಗೆ, ಆದರೆ ಬಹಳ ಸಿಟ್ಟಿನಲ್ಲಿ.

ಮಾವ "ಐವತ್ತೆಂಟೇ, ಐವತ್ತೆಂಟೇ ಮಾರಾಯ್ತಿ!" ಎಂದು ಕೂಗಿ ಕಂಡಕ್ಟರನ ಸೊಂಟಕ್ಕೆ ಕುಣಿಕೆ ಹಾಕಿದರು. ಅವನು ಇಳಿದ. ಅತ್ತೆಯ ಮೈಮೇಲಿದ್ದ ಹಸಿರು ಕುಣಿಕೆ ಬಿಡಿಸಿ, ಪಂಚೆಯದನ್ನು ಹಾಕಿ, ತಾನು ಅಲ್ಲೇ ಬಂಡೆ ತಬ್ಬಿಕೊಂಡು ನಿಂತು ಸೀಟಿ ಊದಿದ. ಮತ್ತೆ ಮಳೆ ಹನಿಯತೊಡಗಿತು. "ಬರಲಿ, ಬರಲಿ, ಹತ್ತಿ ನೆನೀಲಿ" ಎನ್ನುತ್ತಿದ್ದರು ಮಾವ. ಇಪ್ಪತ್ತೈದು ಅಡಿಯನ್ನು ಎಳೆಯಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನಾನು ಮೊಬೈಲ್ ನೋಡಲಿಲ್ಲ. ನನ್ನ ಕೆಳಗೆ ಮ್ಯಾಟಿನ ಅಂಚಿನಲ್ಲಿ ಆ ಒದ್ದೆ ಪಂಚೆಗಳು ಒಂದೊಂದೇ ಗಂಟು ದಾಟಿಸಿಕೊಂಡು ಮೇಲೆ ಬಂದವು. ಪ್ರತಿ ಗಂಟಿಗೂ ನಾನು ಆ ಸದ್ದಿಗೆ ಕಾದೆ.

ಸದ್ದು ಬರಲಿಲ್ಲ. ಅತ್ತೆ ಬಂದರು. ಕಾಲು ಎರಡು ಕಡೆ ಮುರಿದಿತ್ತು, ಹೆಗಲು ಕಳಚಿತ್ತು. ಆಮೇಲೆ ಕಂಡಕ್ಟರನೂ ಬಂದ.

ಆಸ್ಪತ್ರೆ, ಪ್ಲಾಸ್ಟರು, ನೆಂಟರು. ನೆಂಟರಿಗೆಲ್ಲ ಒಂದೇ ಪ್ರಶ್ನೆ: ಮೊದಲು ಇಳಿಬಿಟ್ಟ ಸೀರೆ ಹೇಗೆ ಹರಿಯಿತು? ಮಾವ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. "ಸೀರೆ ಒಳ್ಳೇದೇ ಇತ್ತು. ಗಡಿಬಿಡಿಯಲ್ಲಿ ಮೂಲೆಗೆ ಗಂಟು ಹಾಕಿಬಿಟ್ಟೆ. ತಪ್ಪು ನಂದು." ನಾನು ಕೇಳಿದಾಗಲೂ ಅದನ್ನೇ ಹೇಳಿದರು. "ನಿಜ ಹೇಳಿ ಮಾವ, ಅದು ಹತ್ತಿಯಾ?" ಎಂದರೆ, "ಹತ್ತಿಯೇ ಕೂಸೇ. ನೂಲಿನದು ಎಂತದೂ ದೋಷ ಇಲ್ಲ" ಎಂದು ಮುಖ ತಿರುಗಿಸಿದರು. ಊರಿಡೀ ನಕ್ಕಿತು. ಮೂವತ್ತು ವರ್ಷ ಬಟ್ಟೆ ಹರಿದವರಿಗೆ ಒಂದು ಗಂಟು ಹಾಕಲು ಬರಲಿಲ್ಲವಂತೆ! ಹಿಂದೆ ರೇಯಾನ್ ಶಾಲು ಹೊದ್ದಿದ್ದ ಬೀಗರು ಹಣ್ಣು ಹಿಡಿದುಕೊಂಡು ಬಂದು, ಅರ್ಧ ಗಂಟೆ ಕೂತು, ಗಂಟು ಹಾಕುವ ಕ್ರಮವನ್ನು ಮಾವನಿಗೆ ಟವೆಲಿನಲ್ಲಿ ತೋರಿಸಿಕೊಟ್ಟು ಹೋದರು. ಮಾವ ತಲೆಯಾಡಿಸಿ ನೋಡಿದರು. ಟವೆಲಿನ ಒಂದು ಎಳೆಯನ್ನೂ ಕೀಳಲಿಲ್ಲ.

ಅದೇ ನನಗೆ ಹೆದರಿಕೆಯಾದದ್ದು. ಮಾವ ನೂಲು ಮುಟ್ಟುವುದನ್ನೇ ಬಿಟ್ಟಿದ್ದರು. ಐಸ್ ಕ್ಯಾಂಡಿ ಕಡ್ಡಿಯ ಜಾಲರಿ ಅಟ್ಟ ಸೇರಿತು. ಲ್ಯಾಪ್‌ಟಾಪಿನ ಮೇಲೆ ಧೂಳು ಕೂತಿತು. ಆ ಒಂದು ಇಂಚು ಅಲ್ಲಿಗೇ ನಿಂತಿತು.

ನಿದ್ದೆಯೂ ಹೋಯಿತು, ಮೂವರದ್ದೂ. ಅತ್ತೆಗೆ ಕಣ್ಣು ಮುಚ್ಚಿದರೆ ಬೀಳುತ್ತಿದ್ದೇನೆಂದು ಎಚ್ಚರ. ಅವರಿಗೆ ಎಚ್ಚರವಾದಾಗಲೆಲ್ಲ ಮಾವ ಎದ್ದೇ ಕೂತಿರುತ್ತಿದ್ದರಂತೆ. ಕೆಳಗಿನ ದರ್ಜಿ ಬೆಳಗಾದರೆ ಬಟ್ಟೆ ಸೀಳಲು ಶುರುಮಾಡುತ್ತಾನೆ. ಪರ್, ಪರ್. ಅತ್ತೆ ದಿಂಬು ಕಿವಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಎನ್.ಆರ್.ಪುರದಲ್ಲಿ, ದರ್ಜಿಯಿಲ್ಲದ ಬೀದಿಯಲ್ಲಿ, ಅದೇ ಸದ್ದು ಕೇಳುತ್ತ ಸೂರು ನೋಡುತ್ತಿದ್ದೆ. ಹತ್ತಿಯೇ ಆಗಿದ್ದರೆ? ಅಲ್ಲದಿದ್ದರೆ? ಒಂದು ಎಳೆ. ಒಂದೇ ಒಂದು ಎಳೆ ಕೊಟ್ಟಿದ್ದರೆ?

ಆರು ವಾರ ಕಳೆದ ಮೇಲೆ ಒಂದು ಭಾನುವಾರ ಅತ್ತೆಯನ್ನು ನೋಡಲು ಹೋದಾಗ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅದೇ ಕಂಡಕ್ಟರ್ ಸಿಕ್ಕಿದ. "ಮೇಡಂ, ನಿಲ್ಲಿ" ಎಂದು ಓಡಿ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದುಕೊಟ್ಟ. "ನಿಮ್ಮ ಸೀರೆ ತುಂಡು. ಅಮ್ಮನ ಮೈಮೇಲಿಂದ ತೆಗೆದು ಜೇಬಿಗೆ ತುರುಕಿದ್ದೆ. ಎಸೆಯೋಕೆ ಮನಸ್ಸು ಬರ್ಲಿಲ್ಲ."

ಮಾವನ ಮನೆಯ ಮೆಟ್ಟಿಲ ಮೇಲೆ ಕೂತು ಕವರ್ ಬಿಚ್ಚಿದೆ. ಕೆಂಪು ಮಣ್ಣು ಒಣಗಿ ಬಟ್ಟೆ ಹಪ್ಪಳದಂತಾಗಿತ್ತು. ಕುಣಿಕೆ ಹಾಗೇ ಇತ್ತು. ಗಂಟೂ ಹಾಗೇ ಇತ್ತು! ಮೂಲೆಯಲ್ಲಲ್ಲ. ಸೀರೆಯ ಇಡೀ ಅಗಲವನ್ನು ಒಂದು ಹಿಡಿಗೆ ತಂದು ಹಾಕಿದ ಗಂಟು, ಒಂದು ನೂಲಿನಷ್ಟೂ ಜಾರಿರಲಿಲ್ಲ. ಸೀಳು ಇದ್ದದ್ದು ಅಲ್ಲಿಂದ ಎರಡು ಮೊಳ ದೂರದಲ್ಲಿ.

ಒಂದು ಎಳೆ ಕಿತ್ತೆ. ಮಣ್ಣು ಉಜ್ಜಿ ತೆಗೆದು ನಾಲಗೆಗೆ ತಾಗಿಸಿದೆ. ಎಳೆದೆ. ಒದ್ದೆಯಾದಲ್ಲೇ ಕಡಿಯಿತು. ಇನ್ನೊಂದು. ಒದ್ದೆಯಾದಲ್ಲೇ. ಮತ್ತೊಂದು. ಒಣಗಿದ್ದನ್ನೇ ಎಳೆದು ನೋಡಿದೆ, ಬೆರಳು ಕೊಯ್ಯುವಷ್ಟು ಗಟ್ಟಿ. ಎಂಟನೆಯದನ್ನು ನಾಲಗೆಗೆ ಇಟ್ಟುಕೊಂಡಿದ್ದಾಗ ಮೇಲೆ ನೆರಳು ಬಿತ್ತು.

"ಎಂತ ಮಾಡ್ತಿದ್ದಿ ಕೂಸೇ?"

ಮಾವ. ಕೈಯಲ್ಲಿ ಹಾಲಿನ ಪ್ಯಾಕೆಟ್. ನನ್ನ ನಾಲಗೆ ಹೊರಗೇ ಇತ್ತು, ಒಳಗೆ ಎಳೆದುಕೊಳ್ಳಲು ಸ್ವಲ್ಪ ಹೊತ್ತಾಯಿತು. ಅವರು ಕುಣಿಕೆ ನೋಡಿದರು. ಗಂಟು ನೋಡಿದರು. ನನ್ನ ಮಡಿಲಲ್ಲಿದ್ದ ನೂಲಿನ ಚೂರುಗಳನ್ನು ನೋಡಿದರು.

"ಎಲ್ಲಿ ಕಡೀತು?" ಎಂದರು.

ಬಟ್ಟೆಯ ವಿಷಯದಲ್ಲಿ ಒಂದೂ ಸುಳ್ಳು ಹೇಳದ ಮನುಷ್ಯ. ಮದುವೆ ಮಂಟಪದಲ್ಲೂ ಹೇಳಲಿಲ್ಲ. ಆರು ವಾರದಿಂದ ಊರೆಲ್ಲ ನಗುತ್ತಿದ್ದರೂ ಒಂದೇ ಸುಳ್ಳು ಹೇಳುತ್ತಲೇ ಇದ್ದಾರೆ. ಆ ಮುಖದಲ್ಲಿ ಈಗ ಹೆದರಿಕೆಯಿತ್ತು. ಅದು ತಮಗಾಗಿ ಅಲ್ಲ.

"ಒಣಗಿದ ಕಡೆ ಮಾವ" ಎಂದೆ. "ಹತ್ತಿಯೇ."

ಮಾವ ಉಸಿರು ಬಿಟ್ಟರು. ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತರು.

"ನಾನು ಹೇಳ್ಲಿಲ್ವಾ? ಗಂಟು ತಪ್ಪಿದ್ದು."

"ಹೌದು ಮಾವ. ಅಷ್ಟು ವರ್ಷ ಗಿರಣಿಯಲ್ಲಿದ್ದು ಒಂದು ಗಂಟು ಸರಿಯಾಗಿ ಹಾಕಲಿಲ್ಲವಲ್ಲ ನೀವು!"

"ವಯಸ್ಸಾಯ್ತಲ್ಲ ಮಾರಾಯ್ತಿ."

ಗಂಟು ನಮ್ಮಿಬ್ಬರ ನಡುವೆ, ಒಂದಿಷ್ಟೂ ಜಾರದೆ ಕೂತಿತ್ತು.

ಮೇಲಿನಿಂದ ಅತ್ತೆಯ ದನಿ ಬಂತು. "ಹಾಲು ತರೋಕೆ ಹೋದವರು ಹಸು ಹುಡುಕ್ತಿದ್ದೀರಾ?" ಮಾವ ಏಳಲು ಹೋದರು. ನನ್ನ ದುಪಟ್ಟಾದ ತುದಿ ಅವರ ಮೊಣಕಾಲಿನ ಮೇಲೆ ಬಿದ್ದಿತ್ತು. ಕೈ ಅಲ್ಲಿಗೆ ಹೋಯಿತು, ಹಿಂಜರಿಯಿತು, ಮತ್ತೆ ಹೋಯಿತು. ಒಂದು ಎಳೆ ಕಿತ್ತು ನಾಲಗೆಗೆ ತಾಗಿಸಿದರು.

"ಅರ್ಧ ಪಾಲಿಯೆಸ್ಟರ್! ಮತ್ತೆ ಮೋಸ ಹೋದ್ಯಲ್ಲೇ..."

ಮತ್ತೆ ಎಂದದ್ದು ಅವರಿಗೇ ಕೇಳಿಸಿತು. ನೂಲು ಹಿಡಿದ ಕೈ ಹಾಗೇ ನಿಂತಿತು. ನನಗೆ ಕೇಳಿಸಲಿಲ್ಲ. ನಾನು ಹಾಲಿನ ಪ್ಯಾಕೆಟ್ ತೆಗೆದುಕೊಂಡು, ಹಾಲು ಬಿಸಿಲಿಗೆ ಕೆಡುತ್ತದೆ ನಡೀರಿ ಎಂದು ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ.

ಆ ರಾತ್ರಿ ಅಲ್ಲೇ ಉಳಿದೆ. ಕೆಳಗಿನಿಂದ ಪರ್ ಎಂದು ಸದ್ದು ಬಂದಾಗ ಕಣ್ಣು ಬಿಟ್ಟು ಮೊಬೈಲಿನಲ್ಲಿ ಹೊತ್ತು ನೋಡಿದೆ. ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷ. ಅತ್ತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಾವನ ಕೈ ಅವರ ಸೆರಗಿನ ಅಂಚಿನ ಮೇಲಿತ್ತು, ನೂಲು ಕೀಳಲು ಹೋಗಿ ಹಾಗೇ ನಿದ್ದೆ ಹತ್ತಿದ ಹಾಗೆ. ಸೋಮವಾರ, ಕಾಲೇಜಿಗೆ ಹೋಗುವ ಬಸ್ಸು ತಪ್ಪಿತ್ತು. ನಾನು ಮಗ್ಗುಲು ತಿರುಗಿ ಮತ್ತೆ ಮಲಗಿದೆ.